ಒಂದು ಮರ, ಒಂದು ತಲೆ: ಕಿಸೊ ಕಣಿವೆಯಲ್ಲಿ ಅಪ್ಪನ ಜೊತೆ ನಾಲ್ಕು ದಿನ

ಅಪ್ಪ ಆ ಮನೆಯ ಕಂಬಕ್ಕೆ ಕೈ ಇಟ್ಟು ಹಾಗೇ ನಿಂತುಬಿಟ್ಟರು. ನಡುಮನೆಯಲ್ಲಿ ನೆಲದಲ್ಲೇ ತೋಡಿದ ಒಲೆ. ಅದರಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಎತ್ತರದ ಜಾಲರಿ ಕಿಟಕಿಯಿಂದ ಬಿಸಿಲು ಕೋಲುಕೋಲಾಗಿ ಇಳಿದು ಹೊಗೆಯನ್ನು ಸೀಳಿಕೊಂಡು ನೆಲಕ್ಕೆ ಬಿದ್ದಿತ್ತು. ಬಂದವರೆಲ್ಲ ಆ ಬಿಸಿಲುಕೋಲಿನ ಫೋಟೊ ತೆಗೆಯುತ್ತಿದ್ದರು. ಅಪ್ಪ ಮಾತ್ರ ಅತ್ತ ತಿರುಗಲೇ ಇಲ್ಲ. ಕಂಬದ ಮೇಲೆ ಹೆಬ್ಬೆರಳು ಓಡಿಸಿದರು. ತಲೆ ಎತ್ತಿ ತೊಲೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಮೂಗನ್ನು ಕಂಬದ ಹತ್ತಿರ ತಂದು ವಾಸನೆ ನೋಡಿದರು.

"ಮಗಾ, ಇಡೀ ಮನೆ ಒಂದೇ ಜಾತಿ ಮರ. ಕಂಬ, ತೊಲೆ, ಹಲಗೆ, ಎಲ್ಲ ಒಂದೇ. ಹುಡುಕಿದರೂ ಗಂಟು ಸಿಗಲ್ಲ. ಇದನ್ನ ಕಟ್ಟಿಸಿದವರು ಈ ಮರಕ್ಕಾಗಿ ಬಹಳ ಕಾಲ ಕಾದಿದ್ದಾರೆ ಅನ್ನಿಸುತ್ತೆ."

ಅಪ್ಪ ಬಡಗಿ. ಕೊಪ್ಪದ ಸುತ್ತಮುತ್ತ ನಲವತ್ತು ವರ್ಷ ಮನೆ ಕಟ್ಟಿದವರು. ಅವರಿಗೆ ಜಪಾನಿ ಭಾಷೆ ಬರಲ್ಲ, ಆ ಮನೆಯ ಚರಿತ್ರೆ ಗೊತ್ತಿರಲಿಲ್ಲ. ನಾನೂ ಇನ್ನೂ ಹೇಳಿರಲಿಲ್ಲ. ಆದರೆ ಅವರು ಹೇಳಿದ್ದು ನಿಜವೇ ಆಗಿತ್ತು. ಆ ಮನೆಯವರು ಕಾದಿದ್ದರು. ಅವರೊಬ್ಬರೇ ಅಲ್ಲ, ಆ ಕಣಿವೆಯ ಎಲ್ಲರೂ ಇನ್ನೂರು ವರ್ಷ ಕಾದಿದ್ದರು.

ಮೊದಲು ಜಾಗ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಜಪಾನಿನ ನಟ್ಟನಡುವೆ, ನಾಗಾನೊ ಪ್ರಾಂತ್ಯದ ನೈಋತ್ಯ ಮೂಲೆಯಲ್ಲಿ ಕಿಸೊ ಸೀಮೆ ಇದೆ. ಮೂರು ಸಣ್ಣ ಪಟ್ಟಣ, ಮೂರು ಹಳ್ಳಿ, ಅಷ್ಟೇ. ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ಬರೀ ಕಾಡು. ನಡುವೆ ಕಿಸೊ ನದಿ. ನದಿಯ ಪಕ್ಕ ಎಷ್ಟು ಜಾಗ ಉಳಿದಿದೆಯೋ ಅಷ್ಟರಲ್ಲೇ ರೈಲು ಹಳಿ, ರಸ್ತೆ, ಊರು ಎಲ್ಲ ಒತ್ತಿಕೊಂಡು ಕೂತಿವೆ. ಎದೊ, ಅಂದರೆ ಇವತ್ತಿನ ಟೋಕಿಯೊದಿಂದ ಕ್ಯೋಟೊಗೆ ಹೋಗಲು ಹಿಂದೆ ಎರಡು ಹೆದ್ದಾರಿ ಇದ್ದವು. ಒಂದು ಸಮುದ್ರದ ಅಂಚಿನ ತೊಕಾಯ್ದೊ. ಇನ್ನೊಂದು ಬೆಟ್ಟಗಳ ನಡುವಿನ ನಾಕಾಸೆಂಡೊ. ನಾಕಾಸೆಂಡೊ 500 ಕಿಲೋಮೀಟರಿಗೂ ಉದ್ದ, ದಾರಿಯಲ್ಲಿ 69 ತಂಗುದಾಣ. ಅದರಲ್ಲಿ 11 ಈ ಕಿಸೊ ಕಣಿವೆಯ ದಾರಿಯಲ್ಲಿದ್ದವು.

ನಾನು ನಾಗೋಯಾದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಂದ ಶಿನಾನೊ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ಗಂಟೆಯ ಒಳಗೆ ಬೆಟ್ಟ ಶುರುವಾಗುತ್ತದೆ. ಅಪ್ಪ ಮೂರು ವಾರಕ್ಕೆ ಬಂದಿದ್ದರು. ಟೋಕಿಯೊ ತೋರಿಸಿದೆ, ಕ್ಯೋಟೊ ತೋರಿಸಿದೆ. "ಚೆನ್ನಾಗಿದೆ" ಅಂದರು. ಕ್ಯೋಟೊದ ಗುಡಿಗಳಲ್ಲಿ ಮಾತ್ರ ಕಂಬದಿಂದ ಕಂಬಕ್ಕೆ ಹೋಗುತ್ತಿದ್ದರು. ಅಲ್ಲೇ ನನಗೆ ಹೊಳೆಯಿತು, ಇವರನ್ನು ಮರ ಬರುವ ಊರಿಗೇ ಕರೆದುಕೊಂಡು ಹೋಗಬೇಕು ಅಂತ. ಅಕ್ಟೋಬರ್ ಕೊನೆಯ ವಾರ ನಾಲ್ಕು ದಿನ ರಜೆ ಹಾಕಿದೆ.

ನಡಿಗೆ ಶುರು ಮಾಡಿದ್ದು ಮಾಗೊಮೆಯಿಂದ. ಮಾಗೊಮೆ ಹಳೆಯ ಕಿಸೊ ದಾರಿಯ ಊರು. 2005ರಲ್ಲಿ ಅದು ಪಕ್ಕದ ಗಿಫು ಪ್ರಾಂತ್ಯಕ್ಕೆ ಸೇರಿಹೋಯಿತು. ಕಡಿದಾದ ಏರು, ಕಲ್ಲು ಹಾಸಿದ ದಾರಿ, ಎರಡೂ ಕಡೆ ಮರದ ಮನೆ, ಅಂಗಡಿ. 1895ರಲ್ಲಿ ಒಮ್ಮೆ, 1915ರಲ್ಲಿ ಇನ್ನೊಮ್ಮೆ ಬೆಂಕಿ ಬಿದ್ದು ಊರು ಸುಟ್ಟುಹೋಗಿತ್ತು. ಈಗ ನೋಡುವುದೆಲ್ಲ ಆಮೇಲೆ ಕಟ್ಟಿದ್ದು. ಅಲ್ಲಿ ಜನ ಜಾಸ್ತಿ. ಒಂದು ಗೊಹೆಯ್-ಮೊಚಿ ಕೊಂಡು ತಿಂದೆವು. ಅನ್ನವನ್ನು ಜಜ್ಜಿ ಕಡ್ಡಿಗೆ ಮೆತ್ತಿ, ಅಕ್ರೋಟು ಮತ್ತು ಮಿಸೊ, ಅಂದರೆ ಹುದುಗಿಸಿದ ಸೋಯಾ ಹಿಟ್ಟು, ಹಾಕಿದ ಸಿಹಿ ಗೊಜ್ಜು ಸವರಿ ಕೆಂಡದ ಮೇಲೆ ಸುಡುತ್ತಾರೆ. ಅಪ್ಪ ಇನ್ನೊಂದು ಬೇಕು ಅಂದರು. ಜಪಾನಿನಲ್ಲಿ ಅವರು ಇನ್ನೊಂದು ಬೇಕು ಅಂದ ಮೊದಲ ತಿಂಡಿ ಅದು.

ಮಾಗೊಮೆಯಿಂದ ತ್ಸುಮಾಗೊಗೆ ಸುಮಾರು 8 ಕಿಲೋಮೀಟರ್. ಮೊದಲು ಘಾಟಿ ಹತ್ತಬೇಕು. 800 ಮೀಟರ್ ಎತ್ತರದ ಹತ್ತಿರ ಹೋಗಿ ಅಲ್ಲಿಂದ ಇಳಿಯುವುದು. ದಾರಿಯಲ್ಲಿ ಅಲ್ಲಲ್ಲಿ ಕಂಬಕ್ಕೆ ಗಂಟೆ ಕಟ್ಟಿದ್ದಾರೆ. ಕರಡಿ ಇರುವ ಕಾಡು, ಹೋಗುವವರು ಬಾರಿಸಿಕೊಂಡು ಹೋಗಬೇಕು. ಅಪ್ಪ ಒಂದನ್ನೂ ಬಿಡಲಿಲ್ಲ. ಗುಡಿಯಲ್ಲಿ ಬಾರಿಸುವ ಹಾಗೆ ಮೂರು ಸಲ ಬಾರಿಸಿ, ಒಂದು ಕ್ಷಣ ಕಣ್ಣುಮುಚ್ಚಿ ಮುಂದೆ ನಡೆಯುತ್ತಿದ್ದರು.

ಘಾಟಿ ಇಳಿಯುವಾಗ ಇಚಿಕೊಕುತೊಚಿ ಅನ್ನುವ ಜಾಗ ಸಿಗುತ್ತದೆ. ಕಾಡಿನ ನಡುವೆ ಒಂದೇ ಒಂದು ಹಳೆಯ ಮನೆ. ಹಿಂದೆ ದಾರಿಹೋಕರು ದಣಿವಾರಿಸಿಕೊಳ್ಳುತ್ತಿದ್ದ ಮನೆ ಅದು. ಈಗಲೂ ಅಲ್ಲಿ ಊರಿನವರು ಪಾಳಿಯಲ್ಲಿ ಬಂದು ಕೂತು ನಡೆದು ಬರುವವರಿಗೆಲ್ಲ ಬಿಸಿ ಚಹಾ ಕೊಡುತ್ತಾರೆ. ದುಡ್ಡು ಕೇಳುವುದಿಲ್ಲ. ನಾವು ಹೋದಾಗ ಎಪ್ಪತ್ತು ದಾಟಿದ ಒಬ್ಬ ಅಜ್ಜ ಇದ್ದರು. ಮಸಿ ಹಿಡಿದ ಕೆಟಲು, ಸಣ್ಣ ಬಟ್ಟಲು, ಜೊತೆಗೆ ಒಂದೊಂದು ಮಿಠಾಯಿ. "ಎಲ್ಲಿಂದ ಬಂದ್ರಿ?" ಅಂದರು. "ಇಂಡಿಯಾ" ಅಂದೆ. ಅಪ್ಪನ ಕಡೆ ತೋರಿಸಿ, "ಇವರು ನನ್ನ ತಂದೆ, ಬಡಗಿ" ಅಂದೆ. ಜಪಾನಿಯಲ್ಲಿ ಬಡಗಿಗೆ 'ದಾಯಿಕು' ಅಂತಾರೆ. ಮನೆ ಕಟ್ಟುವ ಬಡಗಿಗೆ ಅಲ್ಲಿ ದೊಡ್ಡ ಮರ್ಯಾದೆ. ಅಜ್ಜ ಎದ್ದು ನಿಂತು ತಲೆ ಬಾಗಿಸಿದರು. ಆಮೇಲೆ ಅಪ್ಪನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ, ದಾರಿಯ ಪಕ್ಕದ ಒಂದು ಫಲಕದ ಮುಂದೆ ನಿಲ್ಲಿಸಿದರು.

ಅಲ್ಲಿ ಈಗ ಏನೂ ಇಲ್ಲ. ಹಿಂದೆ ಅಲ್ಲಿ ಮರ ತಪಾಸಣೆಯ ಚೌಕಿ ಇತ್ತು. 1749ರಲ್ಲಿ ಇಲ್ಲಿಗೆ ತಂದದ್ದು, 1869ರ ತನಕ ನಡೆಯಿತು. ಕಣಿವೆಯಿಂದ ಹೊರಗೆ ಹೋಗುವ ಪ್ರತಿ ಹೊರೆಯನ್ನೂ ಇಳಿಸಿ ನೋಡುತ್ತಿದ್ದರಂತೆ. ಸಣ್ಣ ಕೊಂಬೆಗೂ ಸರ್ಕಾರಿ ಗುರುತಿನ ಅಚ್ಚು ಇದೆಯೋ ಇಲ್ಲವೋ ಅಂತ ಪರೀಕ್ಷೆ. ಫಲಕ ಓದಿ ಅಪ್ಪನಿಗೆ ಹೇಳಿದೆ. ಅಜ್ಜ ತಮ್ಮ ಕುತ್ತಿಗೆಯ ಮೇಲೆ ಅಂಗೈಯನ್ನು ಅಡ್ಡ ಎಳೆದು ತೋರಿಸಿ ಒಂದು ಮಾತು ಹೇಳಿದರು. ಕಿಸೊದಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲೂ ಇರುವ ಮಾತು. 'ಹಿನೋಕಿ ಒಂದು ಮರ, ಒಂದು ತಲೆ.' ಹಿನೋಕಿ ಅಂದರೆ ಜಪಾನಿನ ಸೈಪ್ರೆಸ್ ಮರ. ಅದನ್ನು ಕಡಿದರೆ ತಲೆ ಹೋಯಿತು.

ಇದು ಹೇಗೆ ಬಂತು ಅಂದರೆ, 1600ರ ಆಸುಪಾಸಿನಲ್ಲಿ ಜಪಾನಿನಲ್ಲಿ ಕೋಟೆ ಕಟ್ಟುವ ಭರಾಟೆ. ಎದೊ ಊರು ಬೆಳೆಯುತ್ತಿತ್ತು, ನಾಗೋಯಾ ಕೋಟೆ ಏಳುತ್ತಿತ್ತು. ಎಲ್ಲದಕ್ಕೂ ಕಿಸೊ ಮರ. ಕಡಿದ ದಿಮ್ಮಿಗಳನ್ನು ನದಿಗೆ ಬಿಡುವುದು, ಕೆಳಗೆ ಹಿಡಿದು ತೆಪ್ಪ ಕಟ್ಟಿ ಸಾಗಿಸುವುದು. ಐವತ್ತು ಅರವತ್ತು ವರ್ಷದಲ್ಲಿ ಬೆಟ್ಟ ಬೋಳಾಯಿತು. ಕಿಸೊ 1615ರಿಂದ ಓವಾರಿ ಎಂಬ, ಆಗ ದೇಶ ಆಳುತ್ತಿದ್ದ ತೊಕುಗಾವ ಮನೆತನದ ಸಂಸ್ಥಾನಕ್ಕೆ ಸೇರಿತ್ತು. ಅವರು ಗಾಬರಿಯಾಗಿ 1665ರಲ್ಲಿ ಕಾಡಿನ ಕಾನೂನು ತಂದರು. ಒಳ್ಳೆಯ ಮರವಿದ್ದ ಬೆಟ್ಟಕ್ಕೆ ಜನ ಕಾಲಿಡುವ ಹಾಗಿಲ್ಲ. 18ನೇ ಶತಮಾನದಲ್ಲಿ ಅದು ಇನ್ನೂ ಬಿಗಿಯಾಯಿತು. ಐದು ಜಾತಿಯ ಮರ ಎಲ್ಲೇ ಇದ್ದರೂ ಮುಟ್ಟುವ ಹಾಗಿಲ್ಲ ಅಂತಾಯಿತು. ಹಿನೋಕಿ, ಸವಾರ, ಅಸುನಾರೊ, ನೆಜುಕೊ, ಕೋಯಾಮಾಕಿ. ಇವಕ್ಕೆ ಕಿಸೊದ ಪಂಚವೃಕ್ಷ ಅಂತಲೇ ಹೆಸರು. ಬೆಲೆಬಾಳುವುದು ಹಿನೋಕಿ. ಬೇರೆಯವನ್ನು ಯಾಕೆ ಸೇರಿಸಿದರು ಅಂದರೆ, ಕೆಲವು ನೋಡಲು ಹಿನೋಕಿಯ ಹಾಗೇ ಇವೆ. 'ಸವಾರ ಅಂದುಕೊಂಡು ಕಡಿದೆ' ಅನ್ನುವ ನೆಪ ಇರಬಾರದಲ್ಲ.

ಊರವರಿಗೆ ಕಸುಬಿಗೆಂದು ಸಂಸ್ಥಾನ ಒಂದಿಷ್ಟು ಮರ ಲೆಕ್ಕ ಹಾಕಿ ಕೊಡುತ್ತಿತ್ತು, ನಿಜ. ಆದರೂ ಯೋಚಿಸಿ ನೋಡಿ. ಮನೆಯ ಹಿಂದೆಯೇ ದೇಶದ ಅತ್ಯುತ್ತಮ ಮರದ ಕಾಡು. ಮಗನ ಮದುವೆಗೆ ಒಂದು ಕೋಣೆ ಹೆಚ್ಚಿಗೆ ಬೇಕು ಅಂದರೂ ಆ ಕಾಡಿನ ಕಡೆ ಕಣ್ಣೆತ್ತುವ ಹಾಗಿಲ್ಲ. ನಾನು ಹಿಂದೆ ಎರಡು ಸಲ ಇದೇ ದಾರಿ ನಡೆದಿದ್ದೆ. ಎರಡೂ ಸಲ ಆ ಫಲಕದ ಪಕ್ಕದಲ್ಲೇ ಹಾದುಹೋಗಿದ್ದೆ, ಓದಿರಲಿಲ್ಲ. ಚಹಾ ಕುಡಿದು ಮುಂದೆ ಹೋಗಿದ್ದೆ. ಇಂದು ಆ ಅಜ್ಜ ಪುಕ್ಕಟೆ ಚಹಾ ಕೊಡುವ ಜಾಗದಲ್ಲೇ ಅವರ ಮುತ್ತಜ್ಜಂದಿರ ಹೊರೆ ಬಿಚ್ಚಿ ಜಾಲಾಡುತ್ತಿದ್ದರು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು.

ಮಧ್ಯಾಹ್ನ ಎರಡರ ಹೊತ್ತಿಗೆ ತ್ಸುಮಾಗೊ ತಲುಪಿದೆವು. ಮೊದಲು ಹೇಳಿದೆನಲ್ಲ ಆ ಮನೆ, ಅದು ಇಲ್ಲೇ ಇದೆ. ವಾಕಿಹೊಂಜಿನ್ ಓಕುಯಾ ಅಂತ ಹೆಸರು. ದಾರಿಯಲ್ಲಿ ಹೋಗುವ ದೊರೆಗಳು, ಅಧಿಕಾರಿಗಳು ಇಳಿದುಕೊಳ್ಳುತ್ತಿದ್ದ ಮನೆತನದ ಮನೆ. ಈಗಿರುವ ಕಟ್ಟಡ 1877ರದ್ದು. ಸಂಸ್ಥಾನಗಳು ಹೋಗಿ, ಹಳೆಯ ಕಾನೂನು ಬಿದ್ದು, ಹಿನೋಕಿಯಲ್ಲಿ ಮನೆ ಕಟ್ಟಬಹುದು ಅಂತಾದ ಮೇಲೆ ಕಟ್ಟಿದ್ದು. ತಳದಿಂದ ಮಾಡಿನ ತನಕ ಹಿನೋಕಿ. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅದಕ್ಕೇ ಮತ್ತೆ," ಅಂದರು. "ಇಷ್ಟು ದಿನ ಬೇಡ ಅಂದಿದ್ದನ್ನೆಲ್ಲ ಒಂದೇ ಮನೇಲಿ ತೀರಿಸಿಕೊಂಡಿದ್ದಾರೆ."

ಒಲೆಯ ಸುತ್ತ ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೂ ಆ ಮನೆಯಲ್ಲಿ ಕಟ್ಟುಪಾಡು. ಯಜಮಾನನಿಗೆ ಹೊಗೆ ಬರದ ಜಾಗ, ಹೆಂಗಸರಿಗೆ ಅಡಿಗೆ ಕಡೆಯ ಜಾಗ. ನಮ್ಮಜ್ಜಿ ಒಲೆಯ ಮುಂದೆ ಕೂರುತ್ತಿದ್ದ ಜಾಗ ನೆನಪಾಯಿತು ನನಗೆ. ಕಂಬಗಳಿಗೆ ದಿನಾ ಬಟ್ಟೆ ಹಿಡಿದು ಒರೆಸುತ್ತಾರೆ. ಹೊಗೆಯ ಮಸಿಯೂ ಬಟ್ಟೆಯ ಉಜ್ಜುವಿಕೆಯೂ ಸೇರಿ ಮರ ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ.

ತ್ಸುಮಾಗೊ ಊರಿಗೆ ಊರೇ ಉಳಿದುಕೊಂಡ ಕತೆ ನನಗೆ ಆ ಮನೆಗಿಂತಲೂ ದೊಡ್ಡದು ಅನ್ನಿಸುತ್ತದೆ. 1911ರಲ್ಲಿ ಚೂಒ ರೈಲು ಮಾರ್ಗ ಪೂರ್ತಿಯಾಯಿತು. ರೈಲು ನದಿಯ ಪಕ್ಕದಲ್ಲೇ ಹೋಯಿತು, ತ್ಸುಮಾಗೊ ಬದಿಗೆ ಬಿತ್ತು. ನಡೆದು ಹೋಗುವವರೇ ಇಲ್ಲ ಅಂದಮೇಲೆ ತಂಗುದಾಣ ಯಾರಿಗೆ? ಹುಡುಗರು ಪೇಟೆ ಸೇರಿದರು. ಮನೆಗಳು ಒಂದೊಂದಾಗಿ ವಾಲತೊಡಗಿದವು. ಬೇರೆ ಊರುಗಳಲ್ಲಿ ಹಳೆಯದನ್ನು ಕೆಡವಿ ಕಾಂಕ್ರೀಟು ಹಾಕುವ ಕಾಲ ಅದು. ಇಲ್ಲಿನವರು 1968ರಲ್ಲಿ ಉಲ್ಟಾ ಹೊರಟರು. ಮನೆಗಳನ್ನು ರಿಪೇರಿ ಮಾಡಿ ಹಳೆಯ ರೂಪಕ್ಕೆ ತಂದರು. 1971ರಲ್ಲಿ ಊರವರೆಲ್ಲ ಸೇರಿ ಒಂದು ಕರಾರು ಮಾಡಿಕೊಂಡರು. ಮೂರೇ ಮಾತು. ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ.

1976ರಲ್ಲಿ ಸರ್ಕಾರ ಹಳೆಯ ಊರುಗಳನ್ನು ಕಾಪಾಡುವ ಮೊದಲ ಪಟ್ಟಿ ಮಾಡಿದಾಗ ತ್ಸುಮಾಗೊ ಅದರಲ್ಲಿತ್ತು. ಸಂರಕ್ಷಿತ ಪ್ರದೇಶ ಎಷ್ಟು ಗೊತ್ತಾ? 1,245 ಹೆಕ್ಟೇರ್. ಬೀದಿ ಇರುವುದು ಕೆಲವೇ ನೂರು ಮೀಟರ್. ಉಳಿದದ್ದೆಲ್ಲ ಸುತ್ತಲಿನ ಗದ್ದೆ, ಬೆಟ್ಟ, ಕಾಡು. ಬೀದಿಯಲ್ಲಿ ನಿಂತವರ ಕಣ್ಣಿಗೆ ಬೀಳುವ ಬೆಟ್ಟವೂ ಊರೇ ಅಂತ ಅವರ ಲೆಕ್ಕ. ಬೀದಿಯಲ್ಲಿ ಕರೆಂಟು ತಂತಿ ಕಾಣುವುದಿಲ್ಲ, ಮನೆಗಳ ಹಿಂದಿನಿಂದ ಎಳೆದಿದ್ದಾರೆ. ಹಗಲು ಹೊತ್ತು ಕಾರು ಬಿಡುವುದಿಲ್ಲ. ಮರದ ಹಲಗೆಯ ಮಾಡು, ಅದು ಗಾಳಿಗೆ ಹಾರದಿರಲಿ ಅಂತ ಮೇಲೆ ಸಾಲಾಗಿ ಇಟ್ಟ ಹೊಳೆಕಲ್ಲು, ಅಂಥ ಮನೆಯೂ ಇದೆ.

ಸಂಜೆ ಐದಕ್ಕೆ ಬಸ್ಸಿನವರೆಲ್ಲ ಹೋದರು. ಬೀದಿ ಖಾಲಿ. ನಾವು ಅಲ್ಲೇ ಒಂದು ಸಣ್ಣ ಮನೆಯಲ್ಲಿ ಉಳಿದುಕೊಂಡಿದ್ದೆವು. ಕಾಗದದ ಬಾಗಿಲ ಹಿಂದೆ ದೀಪ ಹತ್ತಿಕೊಂಡಿತು, ಯಾರೋ ಅಡಿಗೆಮನೆಯಲ್ಲಿ ಪಾತ್ರೆ ಇಡುವ ಸದ್ದು. ನನ್ನ ತಲೆಯಲ್ಲಿ ಎರಡು 'ಬೇಡ'ಗಳು ಓಡುತ್ತಿದ್ದವು. ಕಾಡು ಉಳಿದದ್ದು ದೊರೆ ಬೇಡ ಅಂದದ್ದಕ್ಕೆ. ಊರು ಉಳಿದದ್ದು ಜನ ತಮಗೆ ತಾವೇ ಬೇಡ ಅಂದುಕೊಂಡದ್ದಕ್ಕೆ. ಮೊದಲನೆಯದಕ್ಕೆ ಕತ್ತಿ ಬೇಕಾಯಿತು, ಎರಡನೆಯದಕ್ಕೆ ಒಂದು ಸಭೆ ಸಾಕಾಯಿತು. ಆದರೆ ಮಾರಿದರೆ ಒಳ್ಳೆಯ ದುಡ್ಡು ಬರುವಾಗ ಮಾರದೆ ಕೂರುವುದೂ ಸುಲಭ ಅಲ್ಲ, ಅಲ್ವಾ? ಅದನ್ನು ಐವತ್ತು ವರ್ಷ ದಿನದಿನವೂ ಮಾಡಬೇಕು.

ಮಾರನೇ ದಿನ ರೈಲಿನಲ್ಲಿ ಕಿಸೊ-ಫುಕುಶಿಮಾಗೆ. ಇಲ್ಲಿ ದೊಡ್ಡ ಸೆಕಿಶೊ, ಅಂದರೆ ಗಡಿಚೌಕಿ ಇತ್ತು. ದೇಶದ ನಾಲ್ಕು ಮುಖ್ಯ ಚೌಕಿಗಳಲ್ಲಿ ಇದೊಂದು. ಒಂದು ಕಡೆ ಬೆಟ್ಟ, ಒಂದು ಕಡೆ ನದಿ, ನಡುವೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಎರಡನ್ನು ವಿಶೇಷವಾಗಿ ಹುಡುಕುತ್ತಿದ್ದರು. ಎದೊಗೆ ಒಳಗೆ ಹೋಗುವ ಬಂದೂಕು, ಎದೊದಿಂದ ಹೊರಗೆ ಬರುವ ಹೆಂಗಸು. ದೊರೆಗಳು ಬಂಡೇಳದಿರಲಿ ಅಂತ ಅವರ ಹೆಂಡಿರು ಮಕ್ಕಳನ್ನು ಎದೊದಲ್ಲೇ ಇರಿಸಿಕೊಳ್ಳುತ್ತಿದ್ದರಲ್ಲ, ಅವರು ತಪ್ಪಿಸಿಕೊಂಡು ಬಂದರೆ ಹಿಡಿಯಲು. ಹೆಂಗಸರಿಗೆ ಬೇರೆಯೇ ರಹದಾರಿ, ಬೇರೆಯೇ ತಪಾಸಣೆ. ಈಗ ಅಲ್ಲಿ ಮತ್ತೆ ಕಟ್ಟಿದ ಚೌಕಿ, ಒಳಗೆ ಸಣ್ಣ ಮ್ಯೂಸಿಯಂ. ನಾನು ಅದರ ಬಾಗಿಲು ದಾಟುವಾಗ ಬೇಕೆಂದೇ ನಿಧಾನಕ್ಕೆ ದಾಟಿದೆ.

ಅಲ್ಲಿಂದ ಒಂದು ಸ್ಟೇಷನ್ ಕೆಳಗೆ ಆಗೆಮಾತ್ಸು. ಊರ ಹತ್ತಿರ ನೆಜಾಮೆ ನೊ ತೊಕೊ ಅನ್ನುವ ಜಾಗ. ಬಿಳಿ ಗ್ರಾನೈಟ್ ಬಂಡೆಯನ್ನು ನದಿ ಕೊರೆದು ಚೌಕಚೌಕವಾಗಿ ಮಾಡಿದೆ, ಯಾರೋ ಅಳತೆ ಹಿಡಿದು ಕಡೆದಿಟ್ಟ ಹಾಗೆ. ನಡುವೆ ಹಸಿರು ನೀರು. ಹಿಂದೆ ಈ ಬಂಡೆಗಳ ಬುಡ ಹರಿವಿನಲ್ಲಿ ಮುಚ್ಚಿರುತ್ತಿತ್ತು. ಮೇಲೆ ಅಣೆಕಟ್ಟು ಬಂದು ನೀರು ಕಡಿಮೆಯಾದ ಮೇಲೆ ಇಷ್ಟು ತೆರೆದುಕೊಂಡಿದೆ. ಬಂಡೆಯ ಮೇಲೆ ಒಂದು ಪುಟ್ಟ ಗುಡಿ. ಉರಾಶಿಮಾ ತಾರೊ ಎಂಬ ಮೀನುಗಾರನದ್ದು. ಆಮೆಯ ಬೆನ್ನೇರಿ ಸಮುದ್ರದ ತಳದ ಅರಮನೆಗೆ ಹೋಗಿ ಸ್ವಲ್ಪ ದಿನ ಇದ್ದು ಬಂದರೆ ಇಲ್ಲಿ ಮುನ್ನೂರು ವರ್ಷ ಕಳೆದಿತ್ತಂತೆ. ಗುರುತಿನವರು ಒಬ್ಬರೂ ಇಲ್ಲ. ಅಲೆದಲೆದು ಈ ಬೆಟ್ಟಕ್ಕೆ ಬಂದು, ತೆರೆಯಬೇಡ ಅಂದಿದ್ದ ಪೆಟ್ಟಿಗೆಯನ್ನು ಇದೇ ಬಂಡೆಯ ಮೇಲೆ ತೆರೆದು ಒಂದು ಕ್ಷಣಕ್ಕೆ ಮುದುಕನಾದ. ನೆಜಾಮೆ ಅಂದರೆ ನಿದ್ದೆಯಿಂದ ಎಚ್ಚರಾಗುವುದು. ಅಪ್ಪನಿಗೆ ಕತೆ ಹೇಳಿದಾಗ ತಕ್ಷಣ "ನಮ್ಮ ರೇವತಿ ಅಪ್ಪನ ಕತೆ" ಅಂದರು. ಮಗಳಿಗೆ ಗಂಡು ಕೇಳಲು ಬ್ರಹ್ಮನ ಹತ್ತಿರ ಹೋಗಿ, ಹಾಡು ಮುಗಿಯುವ ತನಕ ಕಾದು, ಕೆಳಗೆ ಬರುವಷ್ಟರಲ್ಲಿ ಯುಗಗಳೇ ಕಳೆದುಹೋದ ರಾಜ. ಕತೆಗಳು ಎಲ್ಲೆಲ್ಲಿ ಹೀಗೆ ಒಂದನ್ನೊಂದು ಹೋಲುತ್ತವೆ!

ಮೂರನೇ ದಿನ ಅಕಾಸಾವಾ ಕಾಡಿಗೆ. ಆಗೆಮಾತ್ಸುವಿನಿಂದ ಬಸ್ಸು, ಅರ್ಧ ಗಂಟೆ. ಬಸ್ಸು ಎಲ್ಲ ಕಾಲಕ್ಕೂ ಇಲ್ಲ, ಚಳಿಗಾಲಕ್ಕೆ ಮೊದಲೇ ನಿಲ್ಲುತ್ತದೆ, ಹೋಗುವವರು ನೋಡಿಕೊಂಡು ಹೋಗಿ. ಜಪಾನಿನಲ್ಲಿ 'ಶಿನ್ರಿನ್-ಯೋಕು' ಅಂತ ಮಾತಿದೆ. ಕಾಡಿನಲ್ಲಿ ಮೀಯುವುದು. ಸುಮ್ನೆ ಮರಗಳ ನಡುವೆ ನಡೆಯುವುದು, ಉಸಿರಾಡುವುದು. ಆ ಹೆಸರಿನಲ್ಲಿ ದೇಶದ ಮೊದಲ ಕಾರ್ಯಕ್ರಮ 1982ರಲ್ಲಿ ನಡೆದದ್ದು ಇಲ್ಲೇ. ಈಗ ಆ ಮಾತು ಲೋಕವೆಲ್ಲ ಸುತ್ತಿದೆ.

ಬಸ್ಸಿಳಿದ ಕೂಡಲೇ ಆ ವಾಸನೆ ಬಂತು. ನಿಂಬೆಯ ಸಿಪ್ಪೆ ಮತ್ತು ಆಗ ತಾನೇ ಕೀಸಿದ ಹಲಗೆ ಎರಡನ್ನೂ ಸೇರಿಸಿ ಮೂಸಿದ ಹಾಗೆ. ಅಪ್ಪ ಏನೂ ಹೇಳದೆ ನಡೆಯಲು ಶುರು ಮಾಡಿದರು. ಸುತ್ತ ನೆಟ್ಟಗೆ ನಿಂತ ಹಿನೋಕಿಗಳು. ಹೆಚ್ಚಿನವು ಮುನ್ನೂರು ವರ್ಷದವು. ಈ ಲೆಕ್ಕ ನೋಡಿ. ಬೆಟ್ಟ ಬೋಳಾಗಿ, ಕಾನೂನು ಬಂದ ಮೇಲೆ ಬಿದ್ದ ಬೀಜಗಳಿಂದ ಎದ್ದ ಕಾಡು ಇದು. ಇವು ಸಸಿಯಾಗಿದ್ದಾಗ ಯಾರೋ ಹೆದರಿ ಕೈ ಹಿಂದೆ ತೆಗೆದುಕೊಂಡಿದ್ದಾರೆ. ಅಂಥ ಹೆದರಿಕೆಯನ್ನು ನಾನು ಒಳ್ಳೆಯದು ಅನ್ನಲಾರೆ. ಆದರೆ ಆ ನೆರಳಲ್ಲಿ ನಿಂತು ಕೆಟ್ಟದ್ದು ಅಂತಲೂ ಬಾಯಿ ಬರಲಿಲ್ಲ.

ದಾರಿಯಲ್ಲಿ ಸಿಕ್ಕ ಕಾಡಿನ ಮಾರ್ಗದರ್ಶಿ ಹೆಂಗಸೊಬ್ಬರು ಕೆಳಗೆ ಬಿದ್ದ ಎರಡು ರೆಂಬೆ ಎತ್ತಿ ನಮ್ಮ ಕೈಗೆ ಕೊಟ್ಟರು. ಮೇಲಿನಿಂದ ನೋಡಿದರೆ ಎರಡೂ ಒಂದೇ. ಎಲೆ ಮಗುಚಿ, ಜೇಬಿನಿಂದ ಭೂತಗನ್ನಡಿ ತೆಗೆದು ಹಿಡಿದರು. ಒಂದರ ಹಿಂಬದಿಯಲ್ಲಿ ಬಿಳಿ ಗೆರೆ, ಇಂಗ್ಲಿಷಿನ ವೈ ಅಕ್ಷರದ ಹಾಗೆ. ಅದು ಹಿನೋಕಿ. ಇನ್ನೊಂದರದ್ದು ಎಕ್ಸ್ ಹಾಗೆ. ಅದು ಸವಾರ. ಸಾಸಿವೆಯಷ್ಟು ಸಣ್ಣ ಗೆರೆ. ಕತ್ತಿಗೂ ಕುತ್ತಿಗೆಗೂ ನಡುವೆ ಇದ್ದ ವ್ಯತ್ಯಾಸ ಇಷ್ಟೇ, ಅದಕ್ಕೇ ಅಲ್ವಾ ಐದನ್ನೂ ಮುಟ್ಟಬೇಡಿ ಅಂದದ್ದು. ಅಪ್ಪ ಭೂತಗನ್ನಡಿ ಇಸಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ದಾರಿಯುದ್ದಕ್ಕೂ ಎಲೆ ಮಗುಚಿ ನನ್ನನ್ನು ಕೇಳುವುದೇ ಕೆಲಸ. "ಹೇಳು ನೋಡುವ, ಇದ್ಯಾವುದು?"

ಅದೇ ಹೆಂಗಸು ಇನ್ನೊಂದು ವಿಷಯ ತೋರಿಸಿದರು. ದೊಡ್ಡ ಹಿನೋಕಿಗಳ ಬುಡದಲ್ಲಿ ಒತ್ತಾಗಿ ಬೆಳೆಯುತ್ತಿದ್ದ ಮರಿಗಳು ಹಿನೋಕಿಯವಲ್ಲ, ಅಸುನಾರೊ. ಅದು ಕತ್ತಲಲ್ಲೂ ಬೆಳೆಯುತ್ತದೆ. ಹಿನೋಕಿ ಸಸಿಗೆ ಬೆಳಕು ಬೇಕು. ಮುನ್ನೂರು ವರ್ಷ ಕಾದ ಕಾಡಿನ ನೆರಳು ಈಗ ಅದರದ್ದೇ ಮಕ್ಕಳಿಗೆ ಜಾಸ್ತಿಯಾಗಿದೆ. ಹಿನೋಕಿಯೇ ಮುಂದೆಯೂ ಬೇಕಾದರೆ ಅಲ್ಲಲ್ಲಿ ಕಡಿದು ಬೆಳಕು ಬಿಡಬೇಕು, ಕೆಳಗಿನದನ್ನು ಸವರಬೇಕು. 'ಮುಟ್ಟಬೇಡ' ಅಂದರೆ ಸಾಲದು, ಮುಟ್ಟುವುದನ್ನೂ ಕಲಿಯಬೇಕು. ಅಸುನಾರೊ ಅಂದರೆ 'ನಾಳೆ ಆಗುತ್ತೇನೆ' ಅಂತ ಜನ ಅರ್ಥ ಹೇಳುತ್ತಾರೆ. ನಾಳೆ ನಾನೂ ಹಿನೋಕಿ ಆಗುತ್ತೇನೆ ಅನ್ನುವ ಮರ. ಆ ಹೆಸರು ಕೇಳಿ ನನಗೆ ಆ ಗಿಡದ ಮೇಲೆ ಪ್ರೀತಿ ಬಂತು.

ಕಾಡಿನ ಒಳಗೆ ಒಂದು ಬುಡಕ್ಕೆ ಬೇಲಿ ಹಾಕಿದ್ದಾರೆ. 1985ರಲ್ಲಿ ಜಪಾನಿನ ಅತಿ ಪವಿತ್ರ ಶಿಂಟೊ ಗುಡಿಯಾದ ಇಸೆ ದೇವಾಲಯಕ್ಕಾಗಿ ಕಡಿದ ಮರದ್ದು. ಇಸೆ ದೇವಾಲಯವನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. ಹಿಂದಿನದು 2013ರಲ್ಲಿ ಆಯಿತು, ಮುಂದಿನದು 2033ಕ್ಕೆ. ಅದಕ್ಕೆ ಬೇಕಾದ ಮೊದಲ ಮರಗಳನ್ನು 2025ರ ಜೂನ್‌ನಲ್ಲಿ ಇದೇ ಆಗೆಮಾತ್ಸು ಕಾಡಿನಲ್ಲಿ ಕಡಿದರು. ಗರಗಸ ಇಲ್ಲ, ಕೊಡಲಿ ಮಾತ್ರ. ಮೂರು ಕಡೆಯಿಂದ ಕಡಿದು, ಒಳಗೆ ಟೊಳ್ಳು ಮಾಡಿ, ಮರವನ್ನು ಮೂರು ಕಾಲಿನ ಮೇಲೆ ನಿಲ್ಲಿಸುತ್ತಾರೆ. ಬಾವಿಯ ರಾಟೆಗೆ ಹಾಕುವ ಮೂರು ಗಳುವಿನ ಹಾಗೆ. ಕೊನೆಗೆ ಹಿಂದಿನ ಕಾಲನ್ನು ಕಡಿದರೆ ಮರ ಅವರು ಹೇಳಿದ ಕಡೆಗೇ ಬೀಳುತ್ತದೆ. ಬಿದ್ದ ಮೇಲೆ ಅದರ ತುದಿಯ ಒಂದು ಚಿಗುರುರೆಂಬೆ ತಂದು ಬುಡದ ಮೇಲೆ ನೆಡುತ್ತಾರೆ. ನಿನ್ನದನ್ನು ತೆಗೆದುಕೊಂಡೆವು, ನೀನು ಮತ್ತೆ ಬೆಳೆ ಅಂತ.

ಫೋನಿನಲ್ಲಿ ಆ ವಿಡಿಯೊ ತೋರಿಸಿದೆ. ಅಪ್ಪ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ನಿಂತು ನೋಡಿದರು. "ನಾವೂ ಮರ ಕಡಿಯೋ ಮೊದಲು ಕೈ ಮುಗೀತಿದ್ವಿ. ಹಕ್ಕಿ ಗೂಡು ಇದ್ರೆ ಹೋಗಲಿ ಅಂತ ಕೊಡಲಿ ಹಿಡಿಯಿಂದ ತಟ್ಟುತಿದ್ವಿ. ಈ ರೆಂಬೆ ನೆಡೋದು ಮಾತ್ರ ನಮಗೆ ಹೊಳೀಲಿಲ್ಲ ನೋಡು."

ಕಾಡಿನಲ್ಲಿ ಒಂದು ಆಟಿಕೆಯಂಥ ರೈಲು ಓಡುತ್ತದೆ, 1.1 ಕಿಲೋಮೀಟರ್. ಹಿಂದೆ ಇದು ಆಟಿಕೆಯಲ್ಲ. ನದಿಗೆ ವಿದ್ಯುತ್ ಅಣೆಕಟ್ಟುಗಳು ಬಂದು ದಿಮ್ಮಿ ತೇಲಿಸುವುದು ನಿಂತ ಮೇಲೆ ಕಿಸೊ ಬೆಟ್ಟದ ಮರವೆಲ್ಲ ಇಳಿದದ್ದು ಇಂಥ ಕಾಡಿನ ರೈಲುಗಳಲ್ಲೇ. 1975ರಲ್ಲಿ ಅದೂ ನಿಂತಿತು. 1987ರಲ್ಲಿ ನೋಡುವವರಿಗಾಗಿ ಸ್ವಲ್ಪ ಮತ್ತೆ ಶುರು ಮಾಡಿದರು. ಅದೇ ವಿದ್ಯುತ್ತಿನ ಕಾಲದ ಇನ್ನೊಂದು ನೆನಪು ನಾಗಿಸೊ ಊರಿನ ಮೊಮೊಸುಕೆ ಸೇತುವೆ. 1922ರದ್ದು, 247 ಮೀಟರ್ ಉದ್ದದ ತೂಗುಸೇತುವೆ, ವಿದ್ಯುತ್ ಕೇಂದ್ರಕ್ಕೆ ಸಾಮಾನು ಸಾಗಿಸಲು ಕಟ್ಟಿದ್ದು. ಸಂಜೆ ಅದರ ಮೇಲೆ ಶಾಲೆ ಮಕ್ಕಳು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು.

ಆ ರಾತ್ರಿ ಕಿಸೊ-ಫುಕುಶಿಮಾದಲ್ಲಿ ಉಳಿದ ಮನೆಯ ಅಮ್ಮ ಊಟಕ್ಕೆ ಸುಂಕಿ ಅನ್ನುವ ಉಪ್ಪಿನಕಾಯಿ ಇಟ್ಟರು. ಉಪ್ಪಿನಕಾಯಿ ಅನ್ನುವುದೇ ತಪ್ಪು, ಅದಕ್ಕೆ ಒಂದು ಚೂರೂ ಉಪ್ಪಿಲ್ಲ. ಸಮುದ್ರ ದೂರ, ಉಪ್ಪು ದುಬಾರಿ. ಅದಕ್ಕೆ ಕೆಂಪು ಟರ್ನಿಪ್ಪಿನ ಸೊಪ್ಪನ್ನು ಬಿಸಿನೀರಲ್ಲಿ ಅದ್ದಿ, ಹೋದ ವರ್ಷದ ಸುಂಕಿಯನ್ನೇ ಹೆಪ್ಪು ಹಾಕಿ ಹುಳಿ ಬರಿಸುತ್ತಾರೆ. ಹೊಸದನ್ನು ಮಾಡುವುದು ಚಳಿ ಶುರುವಾದ ಮೇಲೆ. ನಮಗೆ ಸಿಕ್ಕಿದ್ದು ಫ್ರೀಜರಿನಲ್ಲಿ ಇಟ್ಟಿದ್ದ ಹೋದ ವರ್ಷದ್ದು. "ಹೆಪ್ಪು ತಪ್ಪಿದರೆ?" ಅಂತ ಕೇಳಿದೆ. "ಪಕ್ಕದ ಮನೆಯಲ್ಲಿ ಇಸಕೊಳ್ಳೋದು" ಅಂದರು. ಅನುವಾದಿಸುವ ಮೊದಲೇ ಅಪ್ಪನಿಗೆ ಅರ್ಥವಾಗಿತ್ತು.

ಕೊನೆಯ ದಿನ ಕಾಯಿದಾ ಪ್ರಸ್ಥಭೂಮಿಗೆ ಹೋದೆವು. ಅಲ್ಲಿಂದ ಓಂತಾಕೆ ಬೆಟ್ಟ ಪೂರ್ತಿ ಕಾಣುತ್ತದೆ. 3,067 ಮೀಟರ್, ನೂರಾರು ವರ್ಷದಿಂದ ಜನ ಬಿಳಿಬಟ್ಟೆ ಉಟ್ಟು ಹತ್ತುವ ದೇವರ ಬೆಟ್ಟ. 2014ರ ಸೆಪ್ಟೆಂಬರ್ 27, ಶನಿವಾರ, ಎಲೆಗಳು ಬಣ್ಣ ಬದಲಿಸುವ ಕಾಲ, ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತು. ಬೆಟ್ಟ ಸಿಡಿಯಿತು. 58 ಜನ ಸತ್ತರು, 5 ಜನ ಇವತ್ತಿಗೂ ಸಿಕ್ಕಿಲ್ಲ. ನಾವು ನೋಡುವಾಗ ತುದಿಯಲ್ಲಿ ತೆಳು ಮೋಡ ಇತ್ತು. ಬೆಟ್ಟದ ಕೆಳಗಿನ ಬಯಲಲ್ಲಿ ಕಿಸೊ ಕುದುರೆಗಳು ಮೇಯುತ್ತಿದ್ದವು. ಗಿಡ್ಡ ಕಾಲು, ದುಂಡು ಹೊಟ್ಟೆ, ಅಪ್ಪನ ಎದೆಯ ಎತ್ತರ.

ಈ ಕುದುರೆಗಳೂ ಹೋಗಿಯೇಬಿಟ್ಟಿದ್ದವು. ಸೈನ್ಯಕ್ಕೆ ದೊಡ್ಡ ಕುದುರೆ ಬೇಕು ಅಂತ ಯುದ್ಧದ ಕಾಲದಲ್ಲಿ ಈ ತಳಿಯ ಗಂಡುಗಳ ಬೀಜ ಒಡೆಸಿದರು. ಒಂದೇ ಒಂದು ಉಳಿಯಿತು. ಅದು ಒಂದು ಗುಡಿಗೆ ಬಿಟ್ಟ ದೇವರ ಕುದುರೆ, ಶಿನ್ಮೆಯ್ ಅಂತ ಹೆಸರು. ದೇವರದ್ದು ಅಂತ ಅದನ್ನು ಮುಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ಅದನ್ನು ಹುಡುಕಿ ತೆಗೆದರು. 1951ರಲ್ಲಿ ಅದಕ್ಕೆ ಹುಟ್ಟಿದ ಮರಿಯಿಂದಲೇ ತಳಿ ಮತ್ತೆ ಬೆಳೆಯಿತು. ಒಂದು ಕುದುರೆ ಬೇಲಿಯ ಹತ್ತಿರ ಬಂದು ಅಪ್ಪನ ಅಂಗಿಯ ತೋಳು ಮೂಸಿತು. ತೋಳಿಗೆ ಇನ್ನೂ ಕಾಡಿನ ವಾಸನೆ ಇದ್ದಿರಬೇಕು.

ವಾಪಸು ಹೋಗುವ ಮೊದಲು ಉತ್ತರಕ್ಕೆ ನರಾಯಿ. ಒಂದು ಕಿಲೋಮೀಟರ್ ಉದ್ದದ ಮರದ ಮನೆಗಳ ಬೀದಿ. ಚೆಂದದ ಊರು, ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಹೆಚ್ಚು ಬರೆಯುವುದಿಲ್ಲ. ಅಲ್ಲಿ ಒಂದು ಅಂಗಡಿಯಲ್ಲಿ ಓರೊಕು ಬಾಚಣಿಗೆ ಇತ್ತು. ಪಕ್ಕದ ಯಾಬುಹಾರಾ ಊರಿನ ಕಸುಬು. ತಲೆನೋವಿನಿಂದ ಒದ್ದಾಡುತ್ತಿದ್ದ ಓರೊಕು ಎಂಬ ತ್ಸುಮಾಗೊ ಹುಡುಗಿ ಓಂತಾಕೆ ದೇವರಿಗೆ ಹರಕೆ ಹೊತ್ತಳಂತೆ. ಮಿನೆಬಾರಿ ಮರದ ಬಾಚಣಿಗೆಯಿಂದ ತಲೆ ಬಾಚಿಕೋ ಅಂತ ಅಪ್ಪಣೆಯಾಯಿತಂತೆ. ನೋವು ಹೋಯಿತು. ಮಿನೆಬಾರಿ ಕಬ್ಬಿಣದಂಥ ಗಟ್ಟಿ ಮರ, ನಿಧಾನ ಬೆಳೆಯುತ್ತದೆ. ಅಂಗೈಯಷ್ಟು ಹಲಗೆಯಲ್ಲಿ ಕೂದಲು ಮಾತ್ರ ಹಾಯುವಷ್ಟು ಸಣ್ಣ ಸಂದು ಬಿಟ್ಟು ಹಲ್ಲು ಕೊಯ್ದಿದ್ದಾರೆ.

ಅಪ್ಪ ಅಮ್ಮನಿಗೆ ಅಂತ ಒಂದು ಕೊಂಡರು. ಬೆಲೆ ನೋಡಿ ಒಮ್ಮೆ ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ರೈಲಿನಲ್ಲಿ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ಹಲ್ಲು ಎಣಿಸತೊಡಗಿದರು. ಕಿಟಕಿಯಾಚೆ ಕಿಸೊ ನದಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬರುತ್ತಿತ್ತು. ಎಪ್ಪತ್ತರ ಹತ್ತಿರ ಬಂದಾಗ ಸುರಂಗ ಬಂತು. ಕತ್ತಲಲ್ಲಿ ಲೆಕ್ಕ ತಪ್ಪಿತು. ಸುರಂಗ ದಾಟಿದ ಮೇಲೆ ಮೊದಲಿನಿಂದ ಶುರು ಮಾಡಿದರು.